ಆಯುಧಪೂಜೆಗೆ ಮಾತ್ರ ನೆನಪಾಗುವ ಬ್ಯಾಟರಿ

ಆಯುಧಪೂಜೆಯ ಬೆಳಿಗ್ಗೆ ಬೆಳ್ಳೂರು, ನಾಗಮಂಗಲದ ಕಡೆಯ ಊರುಗಳಲ್ಲಿ ಒಂದು ಮೆರವಣಿಗೆ ನಡೆಯುತ್ತದೆ. ಕೊಟ್ಟಿಗೆ ಪಕ್ಕದ ಶೀಟು ಮಾಡಿನಡಿಯಿಂದ ಹಿರಿಯರ ಕಾಲದ ಅಂಬಾಸಿಡರ್, ಹಳೆಯ ಜೀಪು, ಜಾವಾ, ಬುಲೆಟ್, ಉಳುಮೆಯಿಂದ ನಿವೃತ್ತಿ ಪಡೆದ ಟ್ರ್ಯಾಕ್ಟರ್ ಎಲ್ಲವೂ ವರ್ಷಕ್ಕೊಮ್ಮೆ ಬೆಳಕಿಗೆ ಬರುತ್ತವೆ. ಟಾರ್ಪಾಲು ಸರಿಸಿ, ಇಲಿ ಗೂಡು ತೆಗೆದು, ತೊಳೆದು, ಬಾಳೆಕಂದು ಕಟ್ಟಿ, ಅರಿಶಿನ ಕುಂಕುಮ ಇಟ್ಟು ಕೀಲಿ ತಿರುಗಿಸಿದರೆ ಬಾನೆಟ್ಟಿನೊಳಗಿಂದ 'ಟಕ್' ಎಂಬ ಒಂದೇ ಸದ್ದು. ಆಮೇಲೆ ಮೌನ. ಬ್ಯಾಟರಿ ಡೌನ್. ನಾಲ್ಕು ಜನ ಸೇರಿ ತಳ್ಳುತ್ತಾರೆ. ಗಾಡಿ ಎದ್ದರೆ ನಿಂಬೆಹಣ್ಣಿನ ಮೇಲೆ ಹತ್ತಿಸಿ ಊರೊಂದು ಸುತ್ತು, ಏಳದಿದ್ದರೆ ನಿಂತಲ್ಲೇ ಕುಂಬಳಕಾಯಿ ಒಡೆದು ಪೂಜೆ ಮುಗಿಸುವುದು. ಗಾಡಿ ಹಳೆಯದಾಯಿತು, ಇನ್ನು ಅದರ ಕೈಲಿ ಆಗಲ್ಲ ಎಂಬ ತೀರ್ಪು ಹೊರಬೀಳುವುದು ಇಂಥ ಹೊತ್ತಿನಲ್ಲೇ. ನನ್ನ ತಕರಾರು ಇರುವುದು ಈ ತೀರ್ಪಿನ ಮೇಲೆ. ಅಲ್ಲಿ ಕೈಕೊಟ್ಟದ್ದು ಐವತ್ತು ವರ್ಷದ ಇಂಜಿನ್ ಅಲ್ಲ, ಮೂರು ವರ್ಷದ ಹಿಂದೆ ತಂದು ಹಾಕಿದ ಬ್ಯಾಟರಿ. ಅದನ್ನು ಹಾಳು ಮಾಡಿದ್ದು ವಯಸ್ಸೂ ಅಲ್ಲ. ನಿಂತ ಗಾಡಿಯ ಬ್ಯಾಟರಿಯನ್ನು ನೋಡಿಕೊಳ್ಳುವ ಬಗ್ಗೆ ನಮ್ಮಲ್ಲಿ ಬೇರೂರಿರುವ ಒಂದು ತಪ್ಪು ಅಭ್ಯಾಸ ಅದನ್ನು ಹಾಳು ಮಾಡಿತು.

ಇದೇನು ಶ್ರೀಮಂತರ ಶೋಕಿಯ ಮಾತು ಎಂದು ಬದಿಗೆ ಸರಿಸುವ ಮುನ್ನ ನಮ್ಮ ಸೀಮೆಯನ್ನೇ ನೋಡಿ. ಶ್ರೀರಂಗಪಟ್ಟಣ ತಾಲ್ಲೂಕಿನ ನಗುವನಹಳ್ಳಿ ಬಳಿ, ಬೆಂಗಳೂರು-ಮೈಸೂರು ಹೆದ್ದಾರಿಯ ಮಗ್ಗುಲಲ್ಲೇ, ಧರ್ಮಸ್ಥಳದವರು ಕಟ್ಟಿದ 'ಪಯಣ' ಕಾರು ವಸ್ತುಸಂಗ್ರಹಾಲಯ ಇದೆ. ಹಳೆಯ ಕಾರು ನೋಡಲೆಂದೇ ಜನ ಟಿಕೆಟ್ ಕೊಂಡು ಒಳಗೆ ಹೋಗುತ್ತಾರೆ. ಮೈಸೂರಿನ ಯಾದವಗಿರಿಯಲ್ಲಿ 1961ರಿಂದ 1996ರವರೆಗೆ ಐಡಿಯಲ್ ಜಾವಾ ಕಾರ್ಖಾನೆ ಉರುಳಿಸಿದ ಜಾವಾ, ಯೆಜ್ಡಿ ಬೈಕುಗಳು ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ ಇವತ್ತಿಗೂ ಸಿಗುತ್ತವೆ. ಹಾಲಿನ ಕ್ಯಾನು, ಮೇವಿನ ಹೊರೆ, ಮದುವೆ ಹೆಣ್ಣು, ಎಲ್ಲವನ್ನೂ ಹೊತ್ತ ಬೈಕುಗಳು ಅವು. ಪ್ರತಿ ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ-ಯೆಜ್ಡಿ ದಿನವೆಂದು ಅವುಗಳ ಒಡೆಯರು ಸಾಲುಗಟ್ಟಿ ಹೊರಡುತ್ತಾರೆ. ಸರ್ಕಾರವೂ ಈ ವಾಹನಗಳನ್ನು ಗುರುತಿಸಿದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, 50 ವರ್ಷ ದಾಟಿದ, ಮೂಲ ರೂಪ ಕೆಡದ, ವಾಣಿಜ್ಯ ಬಳಕೆಯಲ್ಲದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ 'ವಿಂಟೇಜ್' ಎಂಬ ಪ್ರತ್ಯೇಕ ನೋಂದಣಿಯ ವ್ಯವಸ್ಥೆ ಮಾಡಿತು. ಸಂಖ್ಯಾಫಲಕದಲ್ಲಿ 'ವಿಎ' ಅಕ್ಷರ, ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೊಮ್ಮೆ ನವೀಕರಣಕ್ಕೆ 5,000 ರೂಪಾಯಿ. ಆದರೆ ಅದೇ ನಿಯಮ ಇನ್ನೊಂದು ಮಾತನ್ನೂ ಹೇಳುತ್ತದೆ: ಇಂಥ ವಾಹನವನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಅಂದರೆ ಒಂದು ಗಾಡಿಗೆ ಸರ್ಕಾರಿ ಗೌರವ ಸಿಕ್ಕ ಗಳಿಗೆಯಿಂದಲೇ ಅದು ಬಹುಪಾಲು ನಿಂತೇ ಇರುವ ಗಾಡಿಯಾಗುತ್ತದೆ. ನಿಂತ ಗಾಡಿಯಲ್ಲಿ ಮೊದಲು ಸಾಯುವುದು ಬ್ಯಾಟರಿ.

ಯಾಕೆ ಸಾಯುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ತಪ್ಪು ತಿಳಿವಳಿಕೆ ಶುರುವಾಗುವುದೇ ಇಲ್ಲಿ. ಹಳೆಯ ಗಾಡಿಯಲ್ಲಿ ಕಂಪ್ಯೂಟರ್ ಇಲ್ಲ, ಅಲಾರಂ ಇಲ್ಲ, ಕರೆಂಟ್ ಕುಡಿಯುವ ಯಾವುದೂ ಇಲ್ಲ, ಹಾಗಾಗಿ ಸ್ವಿಚ್ ಆಫ್ ಮಾಡಿಟ್ಟರೆ ಬ್ಯಾಟರಿ ಹಾಗೇ ಇರುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಟರ್ಮಿನಲ್ ಕಳಚಿಟ್ಟರಂತೂ ಚಿಂತೆಯೇ ಇಲ್ಲ ಎನ್ನುತ್ತಾರೆ. ಕಳಚಿಡುವುದು ಒಳ್ಳೆಯದೇ, ಹಳೆಯ ವೈರಿಂಗಿನಲ್ಲಿ ಎಲ್ಲೋ ಒಂದು ಕಡೆ ಸಣ್ಣಗೆ ಸೋರುವುದು ನಿಲ್ಲುತ್ತದೆ. ಆದರೆ ಸೀಸ ಮತ್ತು ಆಸಿಡ್‌ನ ಬ್ಯಾಟರಿ, 1859ರಲ್ಲಿ ಫ್ರಾನ್ಸಿನ ಗಾಸ್ತೋ ಪ್ಲಾಂಟೆ ಮಾಡಿದ ದಿನದಿಂದ ಇವತ್ತಿನವರೆಗೂ, ಯಾರೂ ಮುಟ್ಟದಿದ್ದರೂ ತನ್ನೊಳಗೆ ತಾನೇ ಖಾಲಿಯಾಗುವ ಪದಾರ್ಥ. ನೀರು ಹಾಕುವ ಮಾದರಿಯ ಬ್ಯಾಟರಿ ಹೀಗೆ ತಿಂಗಳಿಗೆ ನೂರಕ್ಕೆ ಐದರಿಂದ ಹದಿನೈದು ಪಾಲು ಕಳೆದುಕೊಳ್ಳಬಹುದು. ಹಳೆಯದಾದಷ್ಟೂ ಹೆಚ್ಚು. ಖಾಲಿಯಾಗುವುದು ದೊಡ್ಡ ವಿಷಯವಲ್ಲ, ಮತ್ತೆ ತುಂಬಬಹುದು. ಖಾಲಿಯಾಗಿಯೇ ಬಿದ್ದಿರುವುದು ಕೇಡು. ಕರೆಂಟ್ ಇಳಿದಂತೆ ಒಳಗಿನ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಬೇಗ ಚಾರ್ಜ್ ಮಾಡಿದರೆ ಅದು ಕರಗಿ ಹೋಗುತ್ತದೆ. ವಾರಗಟ್ಟಲೆ, ತಿಂಗಳುಗಟ್ಟಲೆ ಬಿಟ್ಟರೆ ಬೆಲ್ಲದ ಪಾಕ ಗಟ್ಟಿಯಾದ ಹಾಗೆ ಹರಳುಗಟ್ಟಿ, ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಕರಗುವುದಿಲ್ಲ. ಆ ಹರಳು ಕೂತಷ್ಟು ಜಾಗ ಬ್ಯಾಟರಿಯ ಪಾಲಿಗೆ ಇಲ್ಲವೇ ಇಲ್ಲ. ಮೀಟರ್ ಹಿಡಿದರೆ ಇದು ಅಂಕಿಯಲ್ಲೇ ಕಾಣುತ್ತದೆ. ಪೂರ್ತಿ ತುಂಬಿದ 12 ವೋಲ್ಟ್ ಬ್ಯಾಟರಿ ವಿಶ್ರಾಂತಿಯಲ್ಲಿ 12.6 ಅಥವಾ 12.7 ತೋರಿಸುತ್ತದೆ. 12.4ಕ್ಕೆ ಬಂದರೆ ಮುಕ್ಕಾಲು ಪಾಲು, 12.2 ಎಂದರೆ ಅರ್ಧ, 12.0 ಎಂದರೆ ಕಾಲು ಭಾಗ ಮಾತ್ರ ಉಳಿದಿದೆ. "ಹನ್ನೆರಡು ವೋಲ್ಟ್ ಬ್ಯಾಟರಿ, ಹನ್ನೆರಡು ತೋರಿಸ್ತಿದೆ, ಸರಿಯಾಗಿದೆ" ಎಂದು ಹೇಳುವಾಗ ಆ ಬ್ಯಾಟರಿ ನಿಜಕ್ಕೂ ತಳ ಹಿಡಿದಿರುತ್ತದೆ.

ಇದರ ಜೊತೆಗೆ ನಮ್ಮ ಬಿಸಿಲನ್ನು ಸೇರಿಸಿ. ಹಳೆಯ ವಾಹನ ಕಾಪಾಡುವ ಬಗ್ಗೆ ಇಂಗ್ಲೆಂಡ್, ಅಮೆರಿಕದವರು ಬರೆದಿಟ್ಟ ಬುದ್ಧಿಮಾತುಗಳೆಲ್ಲ ಚಳಿಗಾಲದ ಬಗ್ಗೆ. ಹಿಮ ಬೀಳುವ ಮುನ್ನ ಬ್ಯಾಟರಿ ಬಿಚ್ಚಿ ಮನೆಯೊಳಗಿಡಿ, ವಸಂತ ಬಂದಾಗ ಮತ್ತೆ ಜೋಡಿಸಿ ಎಂದು. ಅಲ್ಲಿಗೆ ಅದು ಸರಿ. ನಮ್ಮಲ್ಲಿ ಕತೆ ತಿರುವುಮುರುವು. ಉಷ್ಣತೆ 10 ಡಿಗ್ರಿ ಏರಿದಂತೆಲ್ಲ ಬ್ಯಾಟರಿ ತಾನಾಗಿ ಖಾಲಿಯಾಗುವ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ನಾಗಮಂಗಲದ ಒಣ ಸೀಮೆಯಲ್ಲಿ ತಗಡಿನ ಶೀಟಿನಡಿ, ಮುಚ್ಚಿದ ಬಾನೆಟ್ಟಿನೊಳಗೆ ಮಧ್ಯಾಹ್ನ ಎಷ್ಟು ಕಾವಿರುತ್ತದೆ ಎಂದು ಕೈಯಿಟ್ಟು ನೋಡಿದರೆ ಸಾಕು. ತಂಪು ದೇಶದಲ್ಲಿ ಆರು ತಿಂಗಳು ತಡೆಯುವ ಬ್ಯಾಟರಿ ಇಲ್ಲಿ ಎರಡು ಮೂರು ತಿಂಗಳಿಗೇ ಅರ್ಧಕ್ಕಿಳಿದರೆ ಆಶ್ಚರ್ಯವಿಲ್ಲ. ಸಂಕ್ರಾಂತಿಗೆ ಮೂಲೆ ಸೇರಿದ ಗಾಡಿ ಯುಗಾದಿ ದಾಟಿ ಮುಂಗಾರಿನವರೆಗೆ ನಿಂತರೆ, ಹರಳುಗಟ್ಟಲು ಬೇಕಾದ ಬಿಸಿ, ಬಿಡುವು ಎರಡನ್ನೂ ನಾವೇ ಕೊಟ್ಟಂತಾಯಿತು. ಮಳೆಗಾಲ ಬಂದಾಗ ಟರ್ಮಿನಲ್ಲಿಗೆ ಕಿಲುಬು ಹಿಡಿಯುವುದು ಆಮೇಲಿನ ಮಾತು. ಹಾಗೆಯೇ ಇನ್ನೊಂದು ಮಾತು ಎಲ್ಲೆಡೆ ಕೇಳಿಬರುತ್ತದೆ: ಬ್ಯಾಟರಿಯನ್ನು ಸಿಮೆಂಟ್ ನೆಲದ ಮೇಲಿಟ್ಟರೆ ಕರೆಂಟ್ ನೆಲಕ್ಕೆ ಇಳಿಯುತ್ತದೆ, ಹಲಗೆ ಮೇಲಿಡಿ ಎಂದು. ಮರದ, ರಬ್ಬರಿನ ಪೆಟ್ಟಿಗೆಯ ಬ್ಯಾಟರಿಗಳ ಕಾಲಕ್ಕೆ ಆ ಮಾತಿಗೆ ಅರ್ಥವಿತ್ತು. ಈಗಿನ ಪ್ಲಾಸ್ಟಿಕ್ ಪೆಟ್ಟಿಗೆಗೆ ಸಿಮೆಂಟ್ ನೆಲ ಏನೂ ಮಾಡುವುದಿಲ್ಲ, ಬೇಸಿಗೆಯಲ್ಲಿ ತಂಪಾಗಿಯೇ ಇಡುತ್ತದೆ. ಹಲಗೆ ಹುಡುಕುವಷ್ಟು ಶ್ರದ್ಧೆ ಇರುವವರು ಅದನ್ನು ಮೀಟರ್ ಹಿಡಿಯುವುದಕ್ಕೆ ತೋರಿಸಿದರೆ ಸಾಕು.

ಈಗ ನಾನು ಹೇಳಿದ ತಪ್ಪು ಅಭ್ಯಾಸಕ್ಕೆ ಬರೋಣ. ನಿಂತ ಗಾಡಿಯ ಒಡೆಯನಿಗೆ ಮೆಕ್ಯಾನಿಕ್‌ನಿಂದ ಹಿಡಿದು ನೆಂಟರವರೆಗೆ ಎಲ್ಲರೂ ಕೊಡುವ ಸಲಹೆ ಒಂದೇ: "ವಾರಕ್ಕೊಂದ್ಸಲ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಬಿಡಿ, ಬ್ಯಾಟ್ರಿ ಚಾರ್ಜ್ ಆಗುತ್ತೆ." ಕಾಳಜಿಯಿಂದ ಹೇಳುವ ಮಾತು, ಆದರೆ ಲೆಕ್ಕ ತಪ್ಪು. ಹಳೆಯ ಅಂಬಾಸಿಡರ್ ಕಾಲದ ಗಾಡಿಗಳಲ್ಲಿ ಕರೆಂಟ್ ಹುಟ್ಟಿಸುವುದು ಡೈನಮೊ. ಇಂಜಿನ್ ನಿಧಾನಕ್ಕೆ ಗುರುಗುಟ್ಟುತ್ತ ನಿಂತಿರುವಾಗ ಡೈನಮೊ ಬ್ಯಾಟರಿಗೆ ಕೊಡುವಷ್ಟು ವೋಲ್ಟೇಜು ಹುಟ್ಟಿಸುವುದೇ ಇಲ್ಲ. ಅದಕ್ಕೇ ಕಟೌಟ್ ಎಂಬ ಪುಟ್ಟ ಸ್ವಿಚ್ ಆಗ ಸಂಪರ್ಕ ತಪ್ಪಿಸಿಡುತ್ತದೆ, ಇಲ್ಲವಾದರೆ ಬ್ಯಾಟರಿಯ ಕರೆಂಟೇ ತಿರುಗಿ ಡೈನಮೊಗೆ ಹರಿದೀತು. ಡ್ಯಾಶ್‌ಬೋರ್ಡಿನಲ್ಲಿ ಐಡ್ಲಿಂಗ್ ಹೊತ್ತಿಗೆ ಮಿಣುಕುವ ಕೆಂಪು ದೀಪ ಹೇಳುವುದು ಅದನ್ನೇ, ಈಗ ಒಳಬರುವುದೇನೂ ಇಲ್ಲ ಎಂದು. ಆದರೆ ಖರ್ಚು ನಿಂತಿಲ್ಲ. ಇಗ್ನಿಷನ್ ಕಾಯಿಲ್ ಸರಾಸರಿ ಎರಡು ಮೂರು ಆಂಪಿಯರ್ ಕುಡಿಯುತ್ತಿರುತ್ತದೆ. ಹತ್ತು ನಿಮಿಷಕ್ಕೆ ಸುಮಾರು ಅರ್ಧ ಆಂಪಿಯರ್-ಅವರ್ ಹೋಯಿತು, ಸೆಲ್ಫ್ ಹೊಡೆದದ್ದಕ್ಕೆ ಇನ್ನೊಂದಿಷ್ಟು. ನಾಲ್ಕು ವಾರಕ್ಕೆ ಎರಡು ಎರಡೂವರೆ ಆಂಪಿಯರ್-ಅವರ್. ಬ್ಯಾಟರಿ 45 ಆಂಪಿಯರ್-ಅವರ್‌ನದು ಎಂದಿಟ್ಟುಕೊಳ್ಳಿ. ಅದು ತಾನಾಗಿ ತಿಂಗಳಿಗೆ ನೂರಕ್ಕೆ ಹತ್ತು, ಅಂದರೆ ನಾಲ್ಕೂವರೆ ಕಳೆದುಕೊಂಡಿದೆ. ಎರಡೂ ಸೇರಿ ತಿಂಗಳಿಗೆ ಏಳರ ಹತ್ತಿರ. ನಾಲ್ಕು ತಿಂಗಳು ತಪ್ಪದೆ ವಾರವಾರ ಸ್ಟಾರ್ಟ್ ಮಾಡಿದ ಶಿಸ್ತಿನ ಮನುಷ್ಯನ ಬ್ಯಾಟರಿ, ಸ್ಟಾರ್ಟೇ ಮಾಡದ ಸೋಮಾರಿಯದಕ್ಕಿಂತ ಬೇಗ ಅರ್ಧಕ್ಕಿಳಿದಿರುತ್ತದೆ. ಆಲ್ಟರ್ನೇಟರ್ ಇರುವ ಈಚಿನ ಗಾಡಿಗಳಲ್ಲಿ ಸ್ಥಿತಿ ಸ್ವಲ್ಪ ಮೇಲು, ಐಡ್ಲಿಂಗಿನಲ್ಲೂ ಒಂದಿಷ್ಟು ಬರುತ್ತದೆ. ಆದರೆ ಹತ್ತು ನಿಮಿಷದಲ್ಲಿ ಸೆಲ್ಫ್ ತಿಂದದ್ದು ವಾಪಸ್ ಬಂದೀತೇ ಹೊರತು ಬ್ಯಾಟರಿ ತುಂಬುವುದಿಲ್ಲ. ತುಂಬುವ ಕೆಲಸದ ಕೊನೆಯ ಕಾಲು ಭಾಗ ಬಹಳ ನಿಧಾನ, ಅದಕ್ಕೆ ಗಂಟೆಗಟ್ಟಲೆ ಬೇಕು. ಸಲ್ಫೇಟ್ ಪೂರ್ತಿ ಕರಗುವುದೂ ಆ ಕೊನೆಯ ಭಾಗದಲ್ಲೇ.

ಬ್ಯಾಟರಿ ಹೋದರೆ ಹೋಗಲಿ, ಇಂಜಿನ್ನಿಗಾದರೂ ಒಳ್ಳೆಯದಲ್ಲವೇ ಎಂದರೆ ಅದೂ ಇಲ್ಲ. ಪೆಟ್ರೋಲ್ ಉರಿದಾಗ ನೀರಾವಿ ಹುಟ್ಟುತ್ತದೆ. ಇಂಜಿನ್ ಚೆನ್ನಾಗಿ ಕಾದರೆ ಅದು ಹೊಗೆಯ ಜೊತೆ ಹೊರಹೋಗುತ್ತದೆ. ಹತ್ತು ನಿಮಿಷ ನಿಂತಲ್ಲೇ ಓಡಿ ಆರಿದರೆ ಸೈಲೆನ್ಸರಿನಲ್ಲಿ, ಆಯಿಲ್‌ನಲ್ಲಿ ಅದೇ ನೀರು ಉಳಿದು ತುಕ್ಕಿಗೆ ದಾರಿಯಾಗುತ್ತದೆ. ಈಗ ಬಂಕಿನಲ್ಲಿ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ತೇವ ಎಳೆದುಕೊಳ್ಳುವ ಗುಣದ್ದು. ಕಬ್ಬಿನ ಜಿಲ್ಲೆಯವರು ಎಥನಾಲನ್ನು ಬೈಯುವುದು ಹೇಗೆ ಎಂಬ ಸಂಕೋಚ ನನಗೂ ಉಂಟು. ಆದರೂ ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ನಿಲ್ಲುವುದಕ್ಕೆ ಅದು ಹೇಳಿ ಮಾಡಿಸಿದ್ದಲ್ಲ.

"ಸೆಲ್ಫ್ ಇಲ್ಲದಿದ್ದರೇನು, ಹ್ಯಾಂಡಲ್ ಇದೆ, ಕಿಕ್ ಇದೆ, ತಳ್ಳುವುದಕ್ಕೆ ಹುಡುಗರಿದ್ದಾರೆ" ಎಂಬ ವಾದ ಇನ್ನೊಂದು. ಹಳೆಯ ಅಂಬಾಸಿಡರ್, ಫಿಯೆಟ್, ಜೀಪಿಗೆ ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸುವ ಅನುಕೂಲ ಇತ್ತು, ನಿಜ. ಆದರೆ ಹ್ಯಾಂಡಲ್ ತಿರುಗಿಸುವುದು ಇಂಜಿನ್ನನ್ನು ಮಾತ್ರ. ಕಿಡಿ ಹುಟ್ಟಬೇಕಾದರೆ ಕಾಯಿಲ್‌ಗೆ ಬ್ಯಾಟರಿಯ ಕರೆಂಟ್ ಬೇಕೇ ಬೇಕು. ಮ್ಯಾಗ್ನೆಟೊದಿಂದ ಕಿಡಿ ಪಡೆಯುವ ಕೆಲವು ಹಳೆಯ ಸ್ಕೂಟರುಗಳಿಗೆ ಬ್ಯಾಟರಿಯ ಹಂಗಿಲ್ಲ. ಡೀಸೆಲ್ ಟ್ರ್ಯಾಕ್ಟರಿಗೆ ಕಿಡಿಯೇ ಬೇಡ, ಇಳಿಜಾರಿನಲ್ಲಿ ಬಿಟ್ಟರೂ ಎದ್ದೀತು. ಆರು ವೋಲ್ಟಿನ ಹಳೆಯ ಜಾವಾ ಹಾಗಲ್ಲ, ಬ್ಯಾಟರಿ ಸತ್ತರೆ ಕಾಲು ಸೋಲುವವರೆಗೆ ಕಿಕ್ ಹೊಡೆಯಬೇಕಾದೀತು. ಕಾಯಿಲ್‌ನ ಕರೆಂಟನ್ನು ಕೂಡಿಸಿ ಬಿಡಿಸುವ ಪಾಯಿಂಟ್ ಇರುವ ಹಳೆಯ ಬುಲೆಟ್ಟನ್ನು ನೋಡಿ. ಪಳಗಿದ ಸವಾರ ಅದಕ್ಕೆ ಎದ್ದಾಬಿದ್ದಾ ಕಿಕ್ ಹೊಡೆಯುವುದಿಲ್ಲ. ಕೀಲಿ ತಿರುಗಿಸಿ, ಹೆಡ್‌ಲೈಟ್ ಮೇಲಿನ ಆಂಪಿಯರ್ ಮೀಟರ್ ಮೇಲೆ ಕಣ್ಣಿಟ್ಟು, ಪೆಡಲನ್ನು ಮೆಲ್ಲಗೆ ಒತ್ತುತ್ತಾನೆ. ಪಾಯಿಂಟ್ ಕೂಡಿದಾಗ ಮುಳ್ಳು ಎಡಕ್ಕೆ ವಾಲುತ್ತದೆ, ಬಿಟ್ಟಾಗ ನಡುವಿಗೆ ಬರುತ್ತದೆ. ನಡುವಿಗೆ ಬಂದ ಕ್ಷಣ ಡಿಕಂಪ್ರೆಸರ್ ಹಿಡಿದು ಒಂದಿಷ್ಟು ಕೆಳಗಿಳಿಸಿ, ಪೆಡಲ್ ಮೇಲಕ್ಕೆ ಬಿಟ್ಟು, ಒಂದೇ ಒದೆ. ಗಾಡಿ ಎದ್ದಿರುತ್ತದೆ. ಈ ಇಡೀ ವಿದ್ಯೆ ನಿಂತಿರುವುದು ಆ ಮುಳ್ಳಿನ ಮೇಲೆ, ಮುಳ್ಳು ನಿಂತಿರುವುದು ಬ್ಯಾಟರಿಯ ಮೇಲೆ. ಬ್ಯಾಟರಿ ತಳ ಹಿಡಿದರೆ ಮುಳ್ಳು ಅಲುಗುವುದಿಲ್ಲ, ಸವಾರ ಕುರುಡನಂತೆ ಒದೆಯಬೇಕು, ಅದು ಹಿಂದಕ್ಕೆ ಒದ್ದರೆ ಮೊಣಕಾಲಿನ ಗತಿ ಹೇಳಬೇಕಿಲ್ಲ.

ಹಾಗಾದರೆ ಮಾಡಬೇಕಾದ್ದೇನು? ನನ್ನ ಪ್ರಕಾರ ವಾರದ ಹತ್ತು ನಿಮಿಷ ಬಿಟ್ಟುಬಿಡಿ, ತಿಂಗಳಿಗೆ ಒಂದು ರಾತ್ರಿ ಕೊಡಿ. ತಿಂಗಳಿಗೊಮ್ಮೆ, ಬೇಸಿಗೆಯಲ್ಲಿ ಮೂರು ವಾರಕ್ಕೊಮ್ಮೆ, ಬ್ಯಾಟರಿಯನ್ನು ನಿಧಾನವಾಗಿ ಪೂರ್ತಿ ತುಂಬಿಸುವುದು. ನಿಧಾನ ಎಂದರೆ ಅದರ ಸಾಮರ್ಥ್ಯದ ಹತ್ತನೇ ಒಂದು ಭಾಗ: 45 ಆಂಪಿಯರ್-ಅವರ್‌ನದಕ್ಕೆ ನಾಲ್ಕೂವರೆ ಆಂಪಿಯರ್, ಅದಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು. ನಮ್ಮಲ್ಲಿ ಈ ಕೆಲಸ ಕೆಡುವುದು ಇಲ್ಲೇ. ಬೆಳ್ಳೂರು ಕ್ರಾಸ್ ಲಾರಿಗಳ ಜಂಕ್ಷನ್. ಬೆಂಗಳೂರು-ಮಂಗಳೂರು ಹೆದ್ದಾರಿಯೂ ನಾಗಮಂಗಲದಿಂದ ಬರುವ ರಸ್ತೆಯೂ ಕೂಡುವ ಜಾಗ. ಇಂಥ ಕ್ರಾಸ್‌ಗಳ ಬ್ಯಾಟರಿ ಅಂಗಡಿಗಳಲ್ಲಿ ಚಾರ್ಜಿಗೆ ಬಂದ ಬ್ಯಾಟರಿಗಳನ್ನು ಒಂದಕ್ಕೊಂದು ಸಾಲಾಗಿ ಜೋಡಿಸಿ ದೊಡ್ಡ ಚಾರ್ಜರಿಗೆ ಹಾಕುವುದು ರೂಢಿ. ಹಾಗೆ ಸಾಲಿನಲ್ಲಿ ಕೂತ ಮೇಲೆ ದೊಡ್ಡದಕ್ಕೂ ಚಿಕ್ಕದಕ್ಕೂ ಹರಿಯುವುದು ಒಂದೇ ಕರೆಂಟ್. ಲಾರಿ ಬ್ಯಾಟರಿಗೆ ಹದವಾದ ಹತ್ತು ಹದಿನೈದು ಆಂಪಿಯರ್ ಅದರ ಮಗ್ಗುಲಲ್ಲಿ ಕೂತ ಜಾವಾದ ಪುಟ್ಟ ಬ್ಯಾಟರಿಗೆ ಮರಣದಂಡನೆ. ನೀರು ಕುದಿದು, ಪ್ಲೇಟು ಬಾಗಿ, ಮೇಲಿನ ಪುಡಿ ಉದುರಿ ತಳ ಸೇರುತ್ತದೆ. ಬೆಳಿಗ್ಗೆ ಬಿಸಿಬಿಸಿಯಾಗಿ ತಂದು ಹಾಕಿದರೆ ಗಾಡಿ ಸ್ಟಾರ್ಟ್ ಆಗುತ್ತದೆ, ಹದಿನೈದು ದಿನಕ್ಕೆ ಮತ್ತೆ ಅದೇ ಕತೆ. ಆಗ ಬೈಗುಳ ಬ್ಯಾಟರಿ ಕಂಪನಿಗೆ. ಅಂಗಡಿಯವರನ್ನು ದೂರಿ ಪ್ರಯೋಜನವಿಲ್ಲ, ಅವರ ಗಿರಾಕಿ ಲಾರಿ. ಆದರೆ ಸಣ್ಣ ಬ್ಯಾಟರಿಗೆಂದು ಒಂದು ಪ್ರತ್ಯೇಕ ಸಣ್ಣ ಚಾರ್ಜರ್ ಇಟ್ಟುಕೊಂಡರೆ ಅವರಿಗೂ ವ್ಯಾಪಾರ, ಗಾಡಿಯವನಿಗೂ ಉಳಿತಾಯ.

ಮನೆಯಲ್ಲೇ ಚಾರ್ಜರ್ ಇಟ್ಟುಕೊಳ್ಳುವುದು ಅದಕ್ಕಿಂತ ಮೇಲು. ತುಂಬಿದ ಮೇಲೆ ತಾನಾಗಿ ಇಳಿದು ಬರಿಯ ಕಾವಲು ಕಾಯುವ ಚಾರ್ಜರುಗಳು ಈಗ ಸುಲಭವಾಗಿ ಸಿಗುತ್ತವೆ. ಕೊಳ್ಳುವಾಗ ನೋಡಬೇಕಾದ್ದು ಎರಡೇ. ಒಂದು, ಆರು ವೋಲ್ಟಿಗೂ ಹೊಂದುತ್ತದೆಯೇ ಎಂಬುದು. ಆರು ವೋಲ್ಟ್ ಬ್ಯಾಟರಿಗೆ ಹನ್ನೆರಡರ ಚಾರ್ಜರ್ ಸಿಕ್ಕಿಸುವುದು ತಲೆಯಿಂದ ಹೊರಟೇಹೋಗಬೇಕಾದ ಯೋಚನೆ. ಎರಡು, ಕಾವಲಿನ ವೋಲ್ಟೇಜು. ತಂಪು ದೇಶದ ಲೆಕ್ಕಕ್ಕೆ ಮಾಡಿದ ಚಾರ್ಜರ್ ನಮ್ಮ ಸೆಕೆಗೆ ತುಸು ಜಾಸ್ತಿಯೇ ಕೊಡುತ್ತದೆ, ಉಷ್ಣತೆ ನೋಡಿ ಹೊಂದಿಸಿಕೊಳ್ಳುವ ಗುಣ ಇರುವುದನ್ನೇ ಆರಿಸಬೇಕು, ಇಲ್ಲವೇ ತಿಂಗಳುಗಟ್ಟಲೆ ಸಿಕ್ಕಿಸಿಡದೆ ರಾತ್ರಿಯೊಂದಕ್ಕೆ ಹಾಕಿ ತೆಗೆಯಬೇಕು. ಇನ್ನು ಕೈಕೆಲಸದ ಮಾತು. ಬಿಚ್ಚುವಾಗ ಮೊದಲು ಬಾಡಿಗೆ ಹೋಗುವ ಅರ್ತ್ ವೈರು, ಹಾಕುವಾಗ ಅದೇ ಕೊನೆಗೆ. ಅರ್ತ್ ಎಂದರೆ ನೆಗೆಟಿವ್ ಎಂದು ಕಣ್ಣುಮುಚ್ಚಿ ನಂಬಬೇಡಿ. ಅರವತ್ತರ ದಶಕದವರೆಗಿನ ಬಹಳಷ್ಟು ಬ್ರಿಟಿಷ್ ಮೂಲದ ಗಾಡಿಗಳಲ್ಲಿ ಬಾಡಿಗೆ ಕಟ್ಟಿರುವುದು ಪಾಸಿಟಿವ್. ಚಾರ್ಜರಿನ ಕೆಂಪು ಕ್ಲಿಪ್ಪು ಯಾವತ್ತಿಗೂ ಬ್ಯಾಟರಿಯ ಪಾಸಿಟಿವ್ವಿಗೇ, ಬಾಡಿ ಎಲ್ಲಿಗಾದರೂ ಸೇರಿರಲಿ. ನೀರಿನ ವಿಷಯಕ್ಕೆ ಬಂದರೆ, ಊರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ಐದು ರೂಪಾಯಿ ನಾಣ್ಯ ಹಾಕಿ ಹಿಡಿದ ನೀರು ಮನುಷ್ಯರಿಗೆ ಶುದ್ಧ, ಬ್ಯಾಟರಿಗೆ ಅಲ್ಲ. ಅದರಲ್ಲಿ ಉಪ್ಪಿನಂಶ ಉಳಿದೇ ಇರುತ್ತದೆ. ಬೋರ್‌ವೆಲ್ ನೀರಿನ ಮಾತೇ ಬೇಡ. ಡಿಸ್ಟಿಲ್ಡ್ ವಾಟರ್ ಒಂದೇ, ಅದೂ ಚಾರ್ಜ್ ಮುಗಿದ ಮೇಲೆ. ಪ್ಲೇಟು ತೇಲಿ ಕಾಣುತ್ತಿದ್ದರೆ ಮಾತ್ರ ಮೊದಲು ಮುಳುಗುವಷ್ಟು ಹಾಕಬೇಕು. ಗ್ರಾವಿಟಿ, ಅಂದರೆ ಆಸಿಡ್‌ನ ಸಾಂದ್ರತೆ, ಇಳಿದಿದೆ ಎಂದು ಆಸಿಡ್ ಸುರಿಯುವವರಿದ್ದಾರೆ. ಆಸಿಡ್ ಎಲ್ಲಿಗೂ ಹೋಗಿಲ್ಲ, ಸಲ್ಫೇಟ್ ಆಗಿ ಪ್ಲೇಟಿನಲ್ಲಿ ಕೂತಿದೆ. ಚಾರ್ಜ್ ಮಾಡಿದರೆ ತಾನೇ ಇಳಿದು ಬರುತ್ತದೆ. ನಮ್ಮ ಬಿಸಿ ಸೀಮೆಗೆ ತುಂಬುವ ಆಸಿಡ್ 1.240ರ ಆಸುಪಾಸಿನದು, ಪುಸ್ತಕದಲ್ಲಿ ಕಾಣುವ 1.265 ಮುಟ್ಟಲಿಲ್ಲ ಎಂದು ಗಾಬರಿ ಬೇಡ. ಹೈಡ್ರೋಮೀಟರ್ ಹಿಡಿದಾಗ ಆರೂ ಸೆಲ್ ಹತ್ತಿರಹತ್ತಿರ ಒಂದೇ ತೋರಿಸುತ್ತಿವೆಯೇ ಎಂಬುದು ಮುಖ್ಯ. ಒಂದು ಮಾತ್ರ ತೀರ ಕೆಳಗಿದ್ದರೆ ಆ ಬ್ಯಾಟರಿಯ ಆಸೆ ಬಿಡಬಹುದು.

ಇಷ್ಟೆಲ್ಲ ರಗಳೆ ಯಾಕೆ, ಎರಡು ವರ್ಷಕ್ಕೊಂದು ಹೊಸ ಬ್ಯಾಟರಿ ತಂದರಾಯಿತು ಎನ್ನುವವರಿಗೆ ಉತ್ತರ ಹೇಳುವುದು ನಿಜಕ್ಕೂ ಕಷ್ಟ, ಏಕೆಂದರೆ ಕೈಯಲ್ಲಿ ದುಡ್ಡಿದ್ದವರಿಗೆ ಅದು ಸುಲಭದ ದಾರಿ. ಆದರೆ ಸಾಯುತ್ತಿರುವ ಬ್ಯಾಟರಿ ಒಂದೇ ಸಾಯುವುದಿಲ್ಲ. ಅದು ಉಗುಳುವ ಆಸಿಡ್ ಹಬೆ ಕೆಳಗಿನ ತಟ್ಟೆ, ಪಕ್ಕದ ತಗಡು, ವೈರಿನ ತುದಿ ಎಲ್ಲವನ್ನೂ ತಿನ್ನುತ್ತದೆ. ಬ್ಯಾಟರಿ ಯಾವ ಅಂಗಡಿಯಲ್ಲೂ ಸಿಗುತ್ತದೆ, ಅರವತ್ತರ ದಶಕದ ಜೀಪಿನ ಬ್ಯಾಟರಿ ತಟ್ಟೆ ಸಿಗುವುದಿಲ್ಲ. ಇನ್ನೊಂದು, ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸ. ಅನಗತ್ಯವಾಗಿ ಬಿಸಾಡಿದ ಪ್ರತಿ ಬ್ಯಾಟರಿಯೂ ಎಲ್ಲೋ ಒಂದು ಕಡೆ ಒಡೆಯಲ್ಪಡುತ್ತದೆ. ಆಸಿಡ್ಡನ್ನು ಮೋರಿಗೆ ಸುರಿದು ಸೀಸ ಕರಗಿಸುವ ಕಳ್ಳ ಒಲೆಗಳಿಗೆ ಅದು ಸೇರಿದರೆ ಅಲ್ಲಿಯ ಮಕ್ಕಳ ರಕ್ತಕ್ಕೂ ಸೇರುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣೆ ನಿಯಮಗಳು ಹಳೆಯದನ್ನು ವಾಪಸ್ ಪಡೆದು ಸರಿಯಾದ ಕಡೆ ಮುಟ್ಟಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ, ಬೇರೆ ಕಸದ ಜೊತೆ ಬೆರೆಸದೆ ಕೊಡುವ ಹೊಣೆ ನಮ್ಮ ಮೇಲೂ ಇದೆ. ಹಳೆಯದನ್ನು ಗುಜರಿಯವನಿಗೆ ಹಾಕದೆ ಹೊಸದನ್ನು ಕೊಂಡ ಅಂಗಡಿಗೇ ಹಿಂದಿರುಗಿಸಿ ಎಂಬುದು ಅದರ ಸರಳ ಅರ್ಥ. ಲಿಥಿಯಂ ಹಾಕಿಬಿಡಿ ಎಂಬ ಹೊಸ ಸಲಹೆಯೂ ಇದೆ. ಹಗುರ, ತಾನಾಗಿ ಖಾಲಿಯಾಗುವುದೂ ಕಡಿಮೆ, ಒಪ್ಪೋಣ. ಆದರೆ ಡೈನಮೊ ಕಾಲದ ರೆಗ್ಯುಲೇಟರ್ ಸೀಸದ ಬ್ಯಾಟರಿಯ ಗುಣಕ್ಕೆ ಹದ ಮಾಡಿದ್ದು. ಲಿಥಿಯಂ ಬಾಯಿಬಿಟ್ಟು ಎಳೆಯುವ ಕರೆಂಟಿಗೆ ಹಳೆಯ ಡೈನಮೊ ಕಾದು ಸುಟ್ಟರೆ ಅದನ್ನು ಕಟ್ಟಿಕೊಡುವ ವೈಂಡಿಂಗಿನವರನ್ನು ಹುಡುಕುತ್ತ ಅಲೆಯಬೇಕು.

ಓಡಿಸುತ್ತಲೇ ಇದ್ದರೆ ಈ ತಾಪತ್ರಯವೇ ಇಲ್ಲವಲ್ಲ ಎಂಬ ಮಾತು ಮಾತ್ರ ನೂರಕ್ಕೆ ನೂರು ನ್ಯಾಯ. ನಾನು ಓಡಿಸುವುದರ ವಿರೋಧಿಯಲ್ಲ, ನಿಂತಲ್ಲೇ ಗುರುಗುಟ್ಟಿಸುವುದರ ವಿರೋಧಿ. ಬೆಳ್ಳೂರಿನಿಂದ ನಾಗಮಂಗಲಕ್ಕೆ ಹದವಾದ ವೇಗದಲ್ಲಿ ಹೋಗಿ ಬಂದರೆ ಡೈನಮೊಗೂ ಕೆಲಸ, ಆಯಿಲ್‌ಗೂ ಕಾವು, ಬ್ರೇಕಿಗೂ ವ್ಯಾಯಾಮ. ವಿಎ ನೋಂದಣಿಯ ಗಾಡಿಗೆ ಕಾನೂನು ಅಡ್ಡಿಯಲ್ಲವೇ ಎಂದರೆ, ಪ್ರದರ್ಶನ, ರ‍್ಯಾಲಿಗಳ ಜೊತೆಗೆ ಇಂಧನ ತುಂಬಿಸಲು, ನಿರ್ವಹಣೆಗೆಂದು ರಸ್ತೆಗಿಳಿಯಲು ಅದೇ ನಿಯಮ ಅವಕಾಶ ಕೊಟ್ಟಿದೆ. ಆದರೂ ಓಡಾಟ ಚಾರ್ಜರಿಗೆ ಬದಲಿಯಾಗದು. ಮುಕ್ಕಾಲು ಗಂಟೆಯ ಸವಾರಿ ತಿಂಗಳ ನಷ್ಟವನ್ನು ಅಂತೂ ಇಂತೂ ಸರಿದೂಗಿಸೀತು, ಆ ನಿಧಾನದ ಕೊನೆಯ ಕಾಲು ಭಾಗವನ್ನು ತುಂಬಿಸಲಾರದು. ರಾತ್ರಿ ಚಾರ್ಜ್, ಬೆಳಿಗ್ಗೆ ಸವಾರಿ ಎಂದಾದರೆ ಎರಡೂ ಒಂದಕ್ಕೊಂದು ಒದಗುತ್ತವೆ.

ಉಳಿದದ್ದು ಹಳ್ಳಿಯ ಕರೆಂಟಿನ ಮಾತು. 1902ರಲ್ಲೇ ಶಿವನಸಮುದ್ರದಲ್ಲಿ ವಿದ್ಯುತ್ ಹುಟ್ಟಿಸಿ ಕೋಲಾರದ ಚಿನ್ನದ ಗಣಿಗೆ ಕಳಿಸಿದ ಜಿಲ್ಲೆ ನಮ್ಮದು, ಆದರೂ ಪವರ್ ಕಟ್ಟಿನ ಭಯ ಹೋಗಿಲ್ಲ. ತ್ರೀ-ಫೇಸ್ ಬರುವುದು ಪಂಪ್‌ಸೆಟ್ಟಿನ ಸಮಯಕ್ಕೆ ಮಾತ್ರ ಎಂಬುದು ನಿಜ. ಚಾರ್ಜರಿಗೆ ಬೇಕಾದ್ದು ಮನೆಯ ಸಿಂಗಲ್ ಫೇಸ್, ನಿರಂತರ ಜ್ಯೋತಿ ಯೋಜನೆ ಬಂದ ಮೇಲೆ ಅದು ಬಹುಪಾಲು ಹೊತ್ತು ಇರುತ್ತದೆ. ನಡುರಾತ್ರಿ ಒಂದು ಗಂಟೆ ಹೋದರೆ ಬ್ಯಾಟರಿಗೆ ನಷ್ಟವೇನೂ ಇಲ್ಲ, ಬಂದಾಗ ಮುಂದುವರಿಯುತ್ತದೆ. ಪೂರ್ತಿ ಖಾಲಿಯಾದ ಕಾರಿನ ಬ್ಯಾಟರಿ ತುಂಬಿಸಲು ಒಂದು ಯೂನಿಟ್ಟಿನ ಆಸುಪಾಸು ಬೇಕು, ಸೆಸ್ಕ್ ಬಿಲ್ಲಿನಲ್ಲಿ ಅದು ಗೊತ್ತೂ ಆಗುವುದಿಲ್ಲ. ಗಂಭೀರವಾಗಿ ತೆಗೆದುಕೊಳ್ಳಬೇಕಾದ ಆಕ್ಷೇಪ ಅಪಾಯದ್ದು. ಚಾರ್ಜ್ ಆಗುವಾಗ ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕು ಪಾಲು ಸೇರಿದರೆ ಒಂದು ಕಿಡಿ ಸಾಕು. ಕಿಟಕಿ ಇಲ್ಲದ ಕೋಣೆಯಲ್ಲಿ, ಹುಲ್ಲಿನ ಮೆದೆ ಪಕ್ಕದಲ್ಲಿ, ಬೀಡಿ ಸೇದುತ್ತ ಈ ಕೆಲಸ ಮಾಡಬಾರದು. ಗಾಡಿಯಿಂದ ಬಿಚ್ಚಿ, ಗಾಳಿಯಾಡುವ ಜಗಲಿಯಲ್ಲಿ, ಮಕ್ಕಳ ಕೈಗೆ ಸಿಗದ ಹಾಗೆ ಇಟ್ಟು, ಚಾರ್ಜರಿನ ಸ್ವಿಚ್ ಆರಿಸಿದ ಮೇಲೆಯೇ ಕ್ಲಿಪ್ಪು ತೆಗೆಯುವುದು. ಕೊಟ್ಟಿಗೆಯಲ್ಲಿ ಹಾಲು ಕರೆಯುವ ಮಿಷನ್ ನಡೆಸುವ ಜನಕ್ಕೆ ಇದು ದೊಡ್ಡ ವಿದ್ಯೆಯೇನಲ್ಲ.

ನವರಾತ್ರಿಗೆ ತಿಂಗಳಿರುವಾಗ ಗೌರಿ ಹಬ್ಬ ಬರುತ್ತದೆ. ಮನೆ ತೊಳೆಯುವ ಆ ದಿನಗಳಲ್ಲೇ ಒಮ್ಮೆ ಟಾರ್ಪಾಲು ಸರಿಸಿ ಬ್ಯಾಟರಿಗೆ ಮೀಟರ್ ಹಿಡಿದು ನೋಡಿ. ಹನ್ನೆರಡು ವೋಲ್ಟಿನದು 12.4ಕ್ಕಿಂತ, ಆರು ವೋಲ್ಟಿನದು 6.2ಕ್ಕಿಂತ ಕೆಳಗಿದ್ದರೆ ಸ್ಟಾರ್ಟ್ ಮಾಡಲು ಹೋಗಬೇಡಿ. ಬಿಚ್ಚಿ, ಆ ರಾತ್ರಿಯೇ ಚಾರ್ಜಿಗೆ ಹಾಕಿ.